ಘರ್ಷಣೆಯ ಮಿತಿಯೂ ಬೆಂಗಳೂರಿನ ಸಾರಥಿಯೂ

2025ರ ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ ನನ್ನ ತರಗತಿಯ ವಿದ್ಯಾರ್ಥಿಯೊಬ್ಬನು ಹೊಸದುರ್ಗದಿಂದ ಹೊಳಲ್ಕೆರೆಯ ಕಡೆಗೆ ಬೈಕಿನಲ್ಲಿ ಬರುತ್ತಿದ್ದನು. ರಸ್ತೆ ಅವನಿಗೆ ಹೊಸದಲ್ಲ. ವೇಗವೂ ಅವನ ಎಣಿಕೆಯಲ್ಲಿ ಹೆಚ್ಚಿನದಲ್ಲ, ಗಂಟೆಗೆ 60 ಕಿಲೋಮೀಟರ್. ದಿನವೂ ಅದೇ ವೇಗದಲ್ಲಿ ದಾಟುತ್ತಿದ್ದ ಒಂದು ತಿರುವಿನಲ್ಲಿ ಅಂದು ಗಾಲಿ ಜಾರಿತು. ಬೈಕು ಒಂದು ಕಡೆ, ಸವಾರ ಒಂದು ಕಡೆ. ದೈವವಶಾತ್ ಎದುರಿನಿಂದ ಯಾವ ಲಾರಿಯೂ ಬರಲಿಲ್ಲ. ಎಡಗಾಲಿನ ಮೂಳೆ ಮುರಿದುದರಲ್ಲಿಯೇ ಗಂಡಾಂತರ ಕಳೆಯಿತು.

ಎರಡು ತಿಂಗಳ ಮೇಲೆ ಊರುಗೋಲಿನ ಆಸರೆಯಲ್ಲಿ ತರಗತಿಗೆ ಬಂದ ಆ ಹುಡುಗನು ಪಾಠ ಮುಗಿದ ಬಳಿಕ ನನ್ನ ಮೇಜಿನ ಬಳಿ ನಿಂತು ಕೇಳಿದನು: “ಸಾರ್, ಹಾಸಿಗೆಯಲ್ಲಿ ಮಲಗಿದ್ದಾಗ ಮೊನಾಕೋ ಪಂದ್ಯದ ಚಿತ್ರ ನೋಡಿದೆ. ನಮ್ಮ ಬೆಂಗಳೂರಿನ ಕುಶ್ ಮೈನಿ ಗೆದ್ದದ್ದು. ಅಷ್ಟು ವೇಗದಲ್ಲಿ ಅಷ್ಟೊಂದು ತಿರುವು ಸುತ್ತಿದರೂ ಅವರು ಜಾರಲಿಲ್ಲ. ನಾನು ಅರವತ್ತಕ್ಕೇ ಏಕೆ ಬಿದ್ದೆ?”

ಅವನು ಹಾಸ್ಯಕ್ಕಾಗಿ ಕೇಳಿದ ಪ್ರಶ್ನೆಯಲ್ಲ ಅದು. ಒಂದೇ ಭೂಮಿ, ಒಂದೇ ನ್ಯೂಟನ್ನನ ನಿಯಮ. ಒಬ್ಬನು ಗೆದ್ದು ನಿಂತನು, ಒಬ್ಬನು ಬಿದ್ದನು. ಇದಕ್ಕೆ ಉತ್ತರವನ್ನು ಒಂದೇ ಮಾತಿನಲ್ಲಿ ಹೇಳಲಾಗದು. ಪಂದ್ಯದ ಕಾರಿನ ರಚನೆಯನ್ನೂ, ಅದನ್ನು ನಡೆಸುವವರ ಜೀವನಕ್ರಮವನ್ನೂ ಸ್ವಲ್ಪ ಅರಿಯಬೇಕಾಗುತ್ತದೆ. ಆ ಹುಡುಗನಿಗೆ ನಾನು ಕೊಟ್ಟ ಉತ್ತರವನ್ನೇ ತುಸು ವಿಸ್ತರಿಸಿ ಇಲ್ಲಿ ಓದುಗರ ಮುಂದೆ ಇಡುತ್ತಿದ್ದೇನೆ.

ತಿರುವಿನ ಲೆಕ್ಕ

ಚಲಿಸುತ್ತಿರುವ ಕಾಯವು ತನ್ನಷ್ಟಕ್ಕೆ ಬಿಟ್ಟರೆ ಸರಳರೇಖೆಯಲ್ಲಿಯೇ ಸಾಗುತ್ತದೆ. ಅದನ್ನು ವೃತ್ತದ ದಾರಿಗೆ ತಿರುಗಿಸಬೇಕಾದರೆ ವೃತ್ತದ ಕೇಂದ್ರದ ಕಡೆಗೆ ಒಂದು ಬಲ ಎಳೆಯುತ್ತಿರಬೇಕು. ಹಗ್ಗಕ್ಕೆ ಕಲ್ಲು ಕಟ್ಟಿ ತಿರುಗಿಸುವಾಗ ಈ ಕೇಂದ್ರಾಭಿಮುಖ ಬಲವನ್ನು ಹಗ್ಗ ಕೊಡುತ್ತದೆ. ರಸ್ತೆಯಲ್ಲಿ ಹಗ್ಗವೆಲ್ಲಿಯದು? ಟೈರಿಗೂ ನೆಲಕ್ಕೂ ನಡುವಣ ಘರ್ಷಣೆಯೇ ಅಲ್ಲಿ ಹಗ್ಗ. ಅಂಗೈಯಗಲದ ರಬ್ಬರು ನೆಲವನ್ನು ಕಚ್ಚಿ ಹಿಡಿದಿರುವುದರಿಂದಲೇ ನಾವು ತಿರುವು ದಾಟಿ ಮನೆ ಸೇರುತ್ತೇವೆ.

ಈ ಹಗ್ಗದ ಬಲಕ್ಕೆ ಮಿತಿಯುಂಟು. ವಾಹನವು ನೆಲವನ್ನು ಒತ್ತುವ ಬಲವನ್ನು ಘರ್ಷಣಾಂಕದಿಂದ ಗುಣಿಸಿದರೆ ಘರ್ಷಣೆಯ ಗರಿಷ್ಠ ಬಲ ದೊರೆಯುತ್ತದೆ. ತಿರುವಿನಲ್ಲಿ ಬೇಕಾಗುವ ಬಲವಾದರೋ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಎರಡನ್ನೂ ಸಮೀಕರಿಸಿದಾಗ ದ್ರವ್ಯರಾಶಿಯು ಲೆಕ್ಕದಿಂದ ಬಿದ್ದುಹೋಗಿ, ಸುರಕ್ಷಿತ ವೇಗದ ವರ್ಗವು ಘರ್ಷಣಾಂಕ, ಗುರುತ್ವ ವೇಗೋತ್ಕರ್ಷ, ತಿರುವಿನ ತ್ರಿಜ್ಯ ಈ ಮೂರರ ಗುಣಲಬ್ಧಕ್ಕೆ ಸಮನಾಗುತ್ತದೆ. ಲಾರಿಗಾಗಲಿ ಬೈಕಿಗಾಗಲಿ ಸೂತ್ರ ಒಂದೇ.

50 ಮೀಟರ್ ತ್ರಿಜ್ಯದ ಸಮತಟ್ಟಾದ ತಿರುವೊಂದನ್ನು ತೆಗೆದುಕೊಳ್ಳೋಣ. ಒಣಗಿದ ಡಾಂಬರಿನ ಮೇಲೆ ಒಳ್ಳೆಯ ಟೈರಿನ ಘರ್ಷಣಾಂಕ ಸುಮಾರು 0.8. ಆಗ ಮಿತಿಯ ವೇಗ ಸೆಕೆಂಡಿಗೆ 19.8 ಮೀಟರ್, ಎಂದರೆ ಗಂಟೆಗೆ ಸುಮಾರು 71 ಕಿಲೋಮೀಟರ್. ಬೇಸಗೆಯುದ್ದಕ್ಕೂ ರಸ್ತೆಯ ಮೇಲೆ ಕೂತ ಧೂಳೂ ವಾಹನಗಳಿಂದ ಸೋರಿದ ಎಣ್ಣೆಯೂ ಮೊದಲ ಮಳೆಯ ತುಂತುರಿನಲ್ಲಿ ಕಲಸಿದಾಗ ಘರ್ಷಣಾಂಕವು 0.4ಕ್ಕೆ ಇಳಿಯಬಹುದು. ಆಗ ಅದೇ ತಿರುವಿನ ಮಿತಿ ಗಂಟೆಗೆ 50 ಕಿಲೋಮೀಟರ್. ನಮ್ಮ ಹುಡುಗನ 60 ಈ ಎರಡು ಸಂಖ್ಯೆಗಳ ನಡುವೆ ಇದೆ. ನಿನ್ನೆ ಮಿತಿಯ ಒಳಗಿದ್ದ ವೇಗವೇ ಇಂದು ಮಿತಿಯ ಹೊರಗಾಯಿತು. ಬದಲಾದದ್ದು ಅವನಲ್ಲ, ನೆಲ.

ಇಷ್ಟು ಅವನ ಪಾಲಿನ ಉತ್ತರ. ಇನ್ನು ಮೊನಾಕೋದಲ್ಲಿ ಗೆದ್ದವರ ಕಡೆಗೆ ತಿರುಗೋಣ.

ಬೆಂಗಳೂರಿನಿಂದ ಹೊರಟ ದಾರಿ

ಕುಶ್ ಮೈನಿ ಹುಟ್ಟಿದುದು 2000ದ ಸೆಪ್ಟೆಂಬರ್ 22ರಂದು, ಬೆಂಗಳೂರಿನಲ್ಲಿ. ಯಂತ್ರಗಳ ಒಡನಾಟ ಅವರಿಗೆ ಮನೆಯಲ್ಲಿಯೇ ದೊರಕಿತು. 2001ರಲ್ಲಿ ಬೆಂಗಳೂರಿನ ಬೀದಿಗಿಳಿದ ‘ರೇವಾ’ ಎಂಬ ಪುಟ್ಟ ವಿದ್ಯುತ್ ಕಾರನ್ನು ಹಿರಿಯ ಓದುಗರು ಮರೆತಿರಲಾರರು. ಅದನ್ನು ರೂಪಿಸಿದ ಚೇತನ್ ಮೈನಿಯವರು ಕುಶ್ ಅವರ ತಂದೆಯ ಸಹೋದರ. ತಂದೆ ಗೌತಮ್ ಮೈನಿಯವರಿಗೂ ಮೋಟಾರು ಪಂದ್ಯಗಳಲ್ಲಿ ಆಸಕ್ತಿ. 1997ರಲ್ಲಿ ಹುಟ್ಟಿದ ಅಣ್ಣ ಅರ್ಜುನ್ ಅವರು ತಮ್ಮನಿಗಿಂತ ಮೊದಲೇ ಯುರೋಪಿನ ಪಂದ್ಯಗಳಿಗೆ ಇಳಿದು, 2017ರಲ್ಲಿ ಬಾರ್ಸಿಲೋನಾದಲ್ಲಿ ಜಿಪಿ3 ವರ್ಗದ ಪಂದ್ಯವೊಂದನ್ನು ಗೆದ್ದಿದ್ದರು.

ಈ ವಿದ್ಯೆಯ ಓನಾಮ ಕಾರ್ಟಿಂಗ್. ಕಾರ್ಟ್ ಎಂದರೆ ನೆಲಕ್ಕೆ ಅಂಟಿದಂತಿರುವ, ಸ್ಪ್ರಿಂಗುಗಳಿಲ್ಲದ, ಮಕ್ಕಳೂ ನಡೆಸಬಹುದಾದ ಚಿಕ್ಕ ಗಾಡಿ. ಸ್ಪ್ರಿಂಗಿಲ್ಲದ ಕಾರಣ ನೆಲದ ಪ್ರತಿಯೊಂದು ಅದುರೂ ಕುಳಿತವನ ಬೆನ್ನಿಗೆ ನೇರವಾಗಿ ತಿಳಿಯುತ್ತದೆ. ಗಾಲಿ ಜಾರುವ ಮುನ್ನ ಬರುವ ಸೂಚನೆಯನ್ನು ಪುಸ್ತಕದಿಂದಲ್ಲ, ಮೈಯಿಂದ ಕಲಿಯುವ ಶಾಲೆ ಅದು. ಆಮೇಲೆ ಫಾರ್ಮುಲಾ 4, ಫಾರ್ಮುಲಾ 3, ಫಾರ್ಮುಲಾ 2 ಎಂಬ ಮೆಟ್ಟಿಲುಗಳು. ತುದಿಯ ಮೆಟ್ಟಿಲು ಫಾರ್ಮುಲಾ 1. ಕುಶ್ ಮೈನಿಯವರು 2016ರಲ್ಲಿ ಇಟಲಿಯ ಫಾರ್ಮುಲಾ 4 ಪಂದ್ಯಮಾಲೆಯನ್ನು ಸೇರಿದರು. 2018ರಲ್ಲಿ ಬ್ರಿಟಿಷ್ ಫಾರ್ಮುಲಾ 3ರಲ್ಲಿ ಮೂರನೆಯ ಸ್ಥಾನ. 2020ರಲ್ಲಿ ಅದೇ ಪಂದ್ಯಮಾಲೆಯಲ್ಲಿ ಎರಡನೆಯ ಸ್ಥಾನ. 2022ರಲ್ಲಿ ಅಂತರರಾಷ್ಟ್ರೀಯ ಫಾರ್ಮುಲಾ 3. 2023ರಲ್ಲಿ ಫಾರ್ಮುಲಾ 2.

ಇಲ್ಲಿ ಬ್ರೆಜಿಲ್ ದೇಶದ ನೆನಪು ಬರುವುದು ಸಹಜ. ನಮ್ಮಂತೆಯೇ ಆ ದೇಶವೂ ಯುರೋಪಿಗೆ ದೂರ. ಸಾವ್ ಪಾವ್ಲೊ ನಗರದ ಎಮರ್ಸನ್ ಫಿಟ್ಟಿಪಾಲ್ಡಿಯವರು 1969ರಲ್ಲಿ ಇಂಗ್ಲೆಂಡಿಗೆ ಹೋಗಿ, 1972ರಲ್ಲಿ, ತಮ್ಮ 25ನೆಯ ವಯಸ್ಸಿನಲ್ಲಿ ಜಗತ್ತಿನ ಚಾಂಪಿಯನ್ನರಾದರು, 1974ರಲ್ಲಿ ಮತ್ತೊಮ್ಮೆ. ಅವರ ಹಿಂದೆ ನೆಲ್ಸನ್ ಪಿಕೆ ಮೂರು ಸಲ, ಐರ್ಟನ್ ಸೆನ್ನಾ ಮೂರು ಸಲ. ಒಬ್ಬನು ದಾರಿ ತೋರಿದರೆ ಹಿಂದೆ ಬರುವವರಿಗೆ ದೂರ ಕಡಮೆಯಾಗುತ್ತದೆ. ನಮ್ಮಲ್ಲಿ ಆ ದಾರಿ ತೋರಿದವರು ಕೊಯಮತ್ತೂರಿನ ನಾರಾಯಣ್ ಕಾರ್ತಿಕೇಯನ್ ಅವರು; 2005ರಲ್ಲಿ ಫಾರ್ಮುಲಾ 1ಕ್ಕೆ ಇಳಿದ ಮೊದಲ ಭಾರತೀಯ. ಇನ್ನೊಂದು ಮಾತನ್ನೂ ಮರೆಮಾಚದೆ ಹೇಳಬೇಕು. ಇದು ಕೋಟಿಗಟ್ಟಲೆ ಹಣ ಬೇಡುವ ವಿದ್ಯೆ. ಉಳ್ಳವರ ಮನೆಯ ಮಕ್ಕಳಿಗೆ, ಇಲ್ಲವೆ ದೊಡ್ಡ ಕಂಪನಿಯ ಬೆಂಬಲವಿದ್ದವರಿಗೆ ಮಾತ್ರ ಈ ಮೆಟ್ಟಿಲುಗಳನ್ನು ಏರುವ ಅವಕಾಶ. ಆದರೆ ಹಣವು ಮೆಟ್ಟಿಲಿನವರೆಗೆ ಒಯ್ಯಬಲ್ಲುದು. ತಿರುವಿನಲ್ಲಿ ಘರ್ಷಣಾಂಕವನ್ನು ಹೆಚ್ಚಿಸಲಾರದು.

ಎಲ್ಲರಿಗೂ ಒಂದೇ ಕಾರು

ಫಾರ್ಮುಲಾ 2ರ ವಿಶೇಷವೆಂದರೆ ಎಲ್ಲ ತಂಡಗಳಿಗೂ ಕಾರು ಒಂದೇ ಮಾದರಿಯದು. ಇಟಲಿಯ ದಲ್ಲಾರಾ ಕಂಪನಿಯ ಒಡಲು, ಫ್ರಾನ್ಸಿನ ಮೆಕಾಕ್ರೋಮ್ ಕಂಪನಿಯ ಆರು ಸಿಲಿಂಡರಿನ 3.4 ಲೀಟರ್ ಎಂಜಿನು, ಸುಮಾರು 620 ಅಶ್ವಶಕ್ತಿ. ನಿಂತಲ್ಲಿಂದ ಗಂಟೆಗೆ 100 ಕಿಲೋಮೀಟರ್ ವೇಗಕ್ಕೆ ಮೂರು ಸೆಕೆಂಡಿನೊಳಗೆ ಏರುತ್ತದೆ. ಅನುಕೂಲವಾದ ಮಾರ್ಗದಲ್ಲಿ ಗರಿಷ್ಠ ವೇಗ 335 ಕಿಲೋಮೀಟರನ್ನು ಮುಟ್ಟುತ್ತದೆ. ಗಂಟೆಗೆ 300 ಕಿಲೋಮೀಟರ್ ಎಂದರೆ ಹಿರಿಯೂರು ಬಿಟ್ಟ ಎಂಟು ನಿಮಿಷಕ್ಕೆ ಚಿತ್ರದುರ್ಗ!

ಈ ಕಾರಿನಲ್ಲಿ ಒಬ್ಬನಿಗೆ ಮಾತ್ರ ಸ್ಥಳ. ಗಾಲಿಗಳ ಮೇಲೆ ಮಡ್‌ಗಾರ್ಡ್ ಇಲ್ಲ. ಆದ್ದರಿಂದಲೇ ಇವನ್ನು ತೆರೆದ ಗಾಲಿಯ ಕಾರುಗಳೆನ್ನುವುದು. ತೆರೆದ ಗಾಲಿಯಲ್ಲಿ ಒಂದು ಅಪಾಯ ಅಡಗಿದೆ. ಮುಂದಕ್ಕೆ ಉರುಳುವ ಗಾಲಿಯ ಹಿಂಬದಿಯು ಮೇಲಕ್ಕೆ ಚಲಿಸುತ್ತಿರುತ್ತದೆ, ಮುಂಬದಿಯು ಕೆಳಕ್ಕೆ. ಹಿಂದಿನ ಕಾರಿನ ಮುಂಗಾಲಿಯು ಮುಂದಿನ ಕಾರಿನ ಹಿಂಗಾಲಿಗೆ ತಗುಲಿತೆಂದರೆ, ಎರಡು ಗಾಲಿಗಳೂ ಕೂಡಿ ಹಿಂದಿನ ಕಾರನ್ನು ಮೇಲಕ್ಕೆ ಎಸೆಯುತ್ತವೆ. ಎರಡು ನಾಣ್ಯಗಳನ್ನು ಮೇಜಿನ ಮೇಲೆ ಒಂದಕ್ಕೊಂದು ತಾಗಿಸಿ ತಿರುಗಿಸಿ ನೋಡಿದರೆ ಓದುಗರಿಗೆ ಇದು ಸ್ಪಷ್ಟವಾಗುತ್ತದೆ.

ತಿರುವಿನಲ್ಲಿ ಈ ಕಾರು ಗುರುತ್ವದ 3.9ರಷ್ಟು ಪಕ್ಕದ ವೇಗೋತ್ಕರ್ಷವನ್ನು ಪಡೆಯಬಲ್ಲುದು. ಬ್ರೇಕು ಹಾಕಿದಾಗ 3.5ರಷ್ಟು. ತಲೆಯೂ ಹೆಲ್ಮೆಟ್ಟೂ ಸೇರಿ ಆರೂವರೆ ಕಿಲೋಗ್ರಾಂ ಎಂದಿಟ್ಟುಕೊಂಡರೆ, ಅಂಥ ತಿರುವಿನಲ್ಲಿ ಚಾಲಕನ ಕತ್ತನ್ನು 25 ಕಿಲೋಗ್ರಾಂ ತೂಕದ ಮೂಟೆ ಪಕ್ಕಕ್ಕೆ ಎಳೆದಂತಾಗುತ್ತದೆ, ಸುತ್ತು ಸುತ್ತಿಗೂ, ತಿರುವು ತಿರುವಿಗೂ. ಚಾಲಕರು ಕತ್ತಿನ ಸ್ನಾಯುಗಳಿಗೆಂದೇ ವರ್ಷಗಟ್ಟಲೆ ಸಾಧನೆ ಮಾಡುವುದು ಸುಮ್ಮನೆ ಅಲ್ಲ.

ಆದರೆ ಇಲ್ಲಿ ಒಂದು ಸಂದೇಹ ಏಳಬೇಕು. ಪಂದ್ಯದ ಮೆತ್ತನೆಯ ಟೈರಿನ ಘರ್ಷಣಾಂಕವೂ ಸುಮಾರು ಒಂದೂವರೆಯಷ್ಟೆ. ಹಾಗಿದ್ದರೆ ಪಕ್ಕದ ವೇಗೋತ್ಕರ್ಷ ಗುರುತ್ವದ ಒಂದೂವರೆಯಷ್ಟನ್ನು ಮೀರಬಾರದು. ಉಳಿದುದು ಎಲ್ಲಿಂದ ಬಂತು?

ಗಾಳಿಯಂತ್ರದ ರೆಕ್ಕೆ

ಉತ್ತರಕ್ಕಾಗಿ ದೂರ ಹೋಗಬೇಕಾಗಿಲ್ಲ. ಚಿತ್ರದುರ್ಗದ ಜೋಗಿಮಟ್ಟಿಯ ಕಡೆಗೆ ತಲೆಯೆತ್ತಿ ನೋಡಿದರೆ ಗುಡ್ಡಗಳ ಸಾಲಿನ ಮೇಲೆ ಗಾಳಿಯಂತ್ರಗಳು ತಿರುಗುತ್ತಿರುವುದು ಕಾಣುತ್ತದೆ. ಅವುಗಳ ಅಲಗನ್ನು ಅಡ್ಡಲಾಗಿ ಕೊಯ್ದು ನೋಡಿದರೆ ಒಂದು ಅಂಚು ದಪ್ಪ, ಇನ್ನೊಂದು ತೆಳುವು, ಒಂದು ಮೈ ಹೆಚ್ಚು ಬಾಗು. ಇಂಥ ಅಲಗು ತನ್ನ ಮೇಲೆ ಹರಿಯುವ ಗಾಳಿಯನ್ನು ಒಂದು ಪಕ್ಕಕ್ಕೆ ತಳ್ಳುತ್ತದೆ. ಗಾಳಿಯು ಪ್ರತಿಯಾಗಿ ಅಲಗನ್ನು ವಿರುದ್ಧ ಪಕ್ಕಕ್ಕೆ ತಳ್ಳುತ್ತದೆ. ಇದು ನ್ಯೂಟನ್ನನ ಮೂರನೆಯ ನಿಯಮ. ಗಾಳಿಯಂತ್ರದಲ್ಲಿ ಈ ಬಲವು ಅಲಗನ್ನು ತಿರುಗಿಸುತ್ತದೆ, ವಿಮಾನದಲ್ಲಿ ಮೇಲಕ್ಕೆತ್ತುತ್ತದೆ. ಅದೇ ರೆಕ್ಕೆಯನ್ನು ತಲೆಕೆಳಗಾಗಿಸಿ ಕಾರಿಗೆ ಜೋಡಿಸಿದರೆ ಕಾರನ್ನು ನೆಲಕ್ಕೆ ಒತ್ತುತ್ತದೆ.

ಈ ಒತ್ತುಬಲವು ಕಾರಿಗೆ ತೂಕವನ್ನು ಕೊಡದೆ ತೂಕದ ಫಲವನ್ನು ಕೊಡುತ್ತದೆ. ನೆಲದ ಮೇಲಿನ ಒತ್ತಡ ಹೆಚ್ಚಿತು, ಘರ್ಷಣೆ ಹೆಚ್ಚಿತು. ತಿರುಗಿಸಬೇಕಾದ ದ್ರವ್ಯರಾಶಿ ಮಾತ್ರ ಇದ್ದಷ್ಟೇ ಇದೆ. ಒತ್ತುಬಲವು ಕಾರಿನ ತೂಕದಷ್ಟೇ ಇರುವಾಗ, ನಮ್ಮ 50 ಮೀಟರ್ ತ್ರಿಜ್ಯದ ತಿರುವಿನ ಮಿತಿ ಗಂಟೆಗೆ 138 ಕಿಲೋಮೀಟರಿಗೆ ಏರುತ್ತದೆ. ಆದರೆ ಒತ್ತುಬಲವೂ ವೇಗದ ವರ್ಗವನ್ನು ಅನುಸರಿಸುವುದೆಂಬುದನ್ನು ನೆನಪಿಡಬೇಕು. 240 ಕಿಲೋಮೀಟರ್ ವೇಗದಲ್ಲಿ ಇರುವ ಬಲದ ಹದಿನಾರನೆಯ ಒಂದು ಪಾಲು ಮಾತ್ರ 60ರಲ್ಲಿ ಇರುತ್ತದೆ. ಆದ್ದರಿಂದ ಹೆದರಿ ವೇಗ ತಗ್ಗಿಸಿದವನ ಕಾರಿಗೆ ಹಿಡಿತವೂ ತಗ್ಗುತ್ತದೆ. ಬೈಕಿಗಾದರೋ ಈ ರೆಕ್ಕೆಯ ಉಪಕಾರವೇ ಇಲ್ಲ.

ನೆಲಕ್ಕೂ ಕಾರಿಗೂ ನಡುವೆ

ಒತ್ತುಬಲದ ದೊಡ್ಡ ಪಾಲು ಹೊರಗೆ ಕಾಣುವ ರೆಕ್ಕೆಗಳಿಂದ ಬರುವುದಿಲ್ಲ, ಕಾರಿನ ತಳದಿಂದ ಬರುತ್ತದೆ. ತಳವನ್ನು ಕೊಳವೆಯಂತೆ ಕಡೆದು, ನೆಲಕ್ಕೂ ತಳಕ್ಕೂ ನಡುವೆ ಗಾಳಿ ಇಕ್ಕಟ್ಟಿನಲ್ಲಿ ನುಗ್ಗುವಂತೆ ಮಾಡಿದರೆ, ಅಲ್ಲಿ ಗಾಳಿಯ ವೇಗ ಹೆಚ್ಚಿ ಒತ್ತಡ ಕುಗ್ಗುತ್ತದೆ. ಮೇಲಿನ ಹೆಚ್ಚಿನ ಒತ್ತಡ ಕಾರನ್ನು ಕೆಳಕ್ಕೆ ಅದುಮುತ್ತದೆ. ಬರ್ನೂಲಿಯ ತತ್ತ್ವವಿದು. ಒಂದು ಮಿತಿಯವರೆಗೆ ಕಾರು ನೆಲಕ್ಕೆ ಸಮೀಪವಾದಷ್ಟೂ ಲಾಭ ಹೆಚ್ಚು. ಆದರೆ ತೀರ ತಗ್ಗಾದ ಕಾರು ಚಿಕ್ಕ ಉಬ್ಬಿಗೆ ತಗುಲಿ ಗಾಳಿಯ ಹರಿವು ಕಡಿಯಿತೆಂದರೆ, ಹಿಡಿತವು ಕ್ಷಣಾರ್ಧದಲ್ಲಿ ಮಾಯವಾಗುತ್ತದೆ. ಆದ್ದರಿಂದಲೇ ಕನಿಷ್ಠ ಎತ್ತರದ ನಿಯಮ.

ಈ ನಿಯಮದ ಇತಿಹಾಸದಲ್ಲಿ ಒಂದು ಸ್ವಾರಸ್ಯವಾದ ಪ್ರಕರಣವಿದೆ. 1981ರಲ್ಲಿ ಫಾರ್ಮುಲಾ 1 ಕಾರುಗಳ ತಳವು ನೆಲದಿಂದ ಕನಿಷ್ಠ 6 ಸೆಂಟಿಮೀಟರ್ ಎತ್ತರದಲ್ಲಿರಬೇಕೆಂದು ವಿಧಿಸಲಾಯಿತು. ಆದರೆ ಅಳೆಯುವುದು ಕಾರು ನಿಂತಾಗ ತಾನೆ? ಬ್ರ್ಯಾಬಂ ತಂಡದ ವಿನ್ಯಾಸಕಾರ ಗೋರ್ಡನ್ ಮರ್ರೆ ಇದನ್ನು ಗಮನಿಸಿ, ವೇಗ ಹೆಚ್ಚಿದಾಗ ಗಾಳಿಯ ಒತ್ತುಬಲದಿಂದಲೇ ಮೆಲ್ಲನೆ ಕುಸಿದು, ವೇಗ ತಗ್ಗಿದಾಗ ತಾನಾಗಿ ಮೇಲೇಳುವ ಆಧಾರವ್ಯವಸ್ಥೆಯೊಂದನ್ನು ರಚಿಸಿದನು. ಓಡುವಾಗ ಕಾರು ನೆಲ ಮುಟ್ಟುವಂತಿತ್ತು. ಅಳೆಯುವಾಗ ಆರು ಸೆಂಟಿಮೀಟರ್ ಸರಿಯಾಗಿತ್ತು! ಆ ಕಾರಿನಲ್ಲಿ ಬ್ರೆಜಿಲಿನ ನೆಲ್ಸನ್ ಪಿಕೆಯವರು ಆ ವರ್ಷ ಜಗತ್ತಿನ ಚಾಂಪಿಯನ್ನರಾದರು, ಕೇವಲ ಒಂದು ಅಂಕದ ಅಂತರದಿಂದ. 1983ರಲ್ಲಿ ಚಪ್ಪಟೆ ತಳವನ್ನೇ ಕಡ್ಡಾಯ ಮಾಡಿ ಈ ಜಾಣತನಗಳಿಗೆ ತಡೆ ಹಾಕಲಾಯಿತು.

ನಲವತ್ತಮೂರು ವರ್ಷಗಳ ಮೇಲೆ ಅದೇ ಅಂತರವು ಬೆಂಗಳೂರಿನ ತರುಣನಿಗೆ ಬೇರೆ ರೀತಿಯಲ್ಲಿ ಫಲ ಕೊಟ್ಟಿತು. 2024ರ ಫಾರ್ಮುಲಾ 2 ಪಂದ್ಯಮಾಲೆಯ ಮೊದಲ ಸ್ಪರ್ಧೆ ಬಹರೈನಿನಲ್ಲಿ. ಇನ್ವಿಕ್ಟಾ ತಂಡವನ್ನು ಹೊಸದಾಗಿ ಸೇರಿದ್ದ ಮೈನಿಯವರು ಅರ್ಹತಾ ಸುತ್ತಿನಲ್ಲಿ ಎಲ್ಲರಿಗಿಂತ ವೇಗವಾಗಿ ಓಡಿ ಮೊದಲ ಸ್ಥಾನವನ್ನು ಗಳಿಸಿದರು. ಆಮೇಲೆ ಪರೀಕ್ಷಕರು ಕಾರನ್ನು ಅಳೆದರು. ನೆಲದಿಂದ ಇರಬೇಕಾದ ಕನಿಷ್ಠ ಎತ್ತರ ಇರಲಿಲ್ಲ. ಫಲಿತಾಂಶ ರದ್ದಾಯಿತು, ಎಲ್ಲರಿಗಿಂತ ಮುಂದೆ ನಿಲ್ಲಬೇಕಾದವರು ಎಲ್ಲರಿಗಿಂತ ಹಿಂದೆ ನಿಂತರು. ಮೊದಲ ಸ್ಥಾನವು ಅವರದೇ ತಂಡದ ಇನ್ನೊಬ್ಬ ಚಾಲಕನಿಗೆ ಸಂದಿತು. ಕಾರಿನ ಎತ್ತರವನ್ನು ಹೊಂದಿಸುವುದು ಚಾಲಕನ ಕೈಯಲ್ಲಿಲ್ಲ. ಆದರೂ ನಷ್ಟ ಅವನದೇ. ಅಳತೆಗೆ ದಾಕ್ಷಿಣ್ಯವಿಲ್ಲವೆಂಬುದನ್ನು ಪ್ರಯೋಗಶಾಲೆಯಲ್ಲಿ ಕೆಲಸ ಮಾಡಿದವರೆಲ್ಲ ಬಲ್ಲರು.

ಒಂದೇ ತಂಡದ ಇಬ್ಬರು

ಆ ಇನ್ನೊಬ್ಬ ಚಾಲಕ ಬ್ರೆಜಿಲಿನ ಗೇಬ್ರಿಯೆಲ್ ಬೊರ್ಟೊಲೆಟೊ. 2004ರಲ್ಲಿ ಸಾವ್ ಪಾವ್ಲೊದಲ್ಲಿ ಹುಟ್ಟಿದವರು. ಮೈನಿಯವರಿಗಿಂತ ನಾಲ್ಕು ವರ್ಷ ಚಿಕ್ಕವರು. 2023ರ ಫಾರ್ಮುಲಾ 3 ಚಾಂಪಿಯನ್. ಒಂದೇ ತಂಡ, ಒಂದೇ ಮಾದರಿಯ ಕಾರು, ಅದೇ ಟೈರು. ಪ್ರಕೃತಿಯೇ ಏರ್ಪಡಿಸಿದ ಪ್ರಯೋಗದಂತೆ, ಇಬ್ಬರಲ್ಲಿ ಬೇರೆಯಾದುದು ಚಾಲಕ ಮಾತ್ರ.

ವರ್ಷ ಮುಗಿದಾಗ ಬೊರ್ಟೊಲೆಟೊ ಚಾಂಪಿಯನ್ನರಾದರು, ಮೈನಿಯವರದು 13ನೆಯ ಸ್ಥಾನ. ಇಬ್ಬರ ಅಂಕಗಳೂ ಕೂಡಿ ತಂಡದ ಪ್ರಶಸ್ತಿ ಇನ್ವಿಕ್ಟಾಕ್ಕೆ ಬಂದಿತು. ಮೈನಿಯವರಿಗೆ ವೇಗವಿರಲಿಲ್ಲವೆಂದಲ್ಲ. ಮಾರ್ಚಿನಲ್ಲಿ ಜೆಡ್ಡಾದ ಮುಖ್ಯ ಪಂದ್ಯದಲ್ಲಿ ಅವರು ಎರಡನೆಯವರಾದರು. ಮೊದಲನೆಯವರು ಎಮರ್ಸನ್ ಫಿಟ್ಟಿಪಾಲ್ಡಿಯವರ ಮೊಮ್ಮಗ ಎಂಜೊ. ಜುಲೈಯಲ್ಲಿ ಹಂಗೆರಿಯಲ್ಲಿ ಕಿರುಪಂದ್ಯದ ಗೆಲವು ದೊರಕಿತು. ಮೊದಲು ಗುರಿ ಮುಟ್ಟಿದವನ ಕಾರು ತಾಂತ್ರಿಕ ಪರೀಕ್ಷೆಯಲ್ಲಿ ಅನರ್ಹವಾದ ಕಾರಣ ಎರಡನೆಯವರಾಗಿದ್ದ ಮೈನಿಯವರು ಮೊದಲಿಗರಾದರು. ಬಹರೈನಿನಲ್ಲಿ ಕಸಿದುಕೊಂಡ ಅಳತೆಗೋಲು ಹಂಗೆರಿಯಲ್ಲಿ ಹಿಂದಕ್ಕೆ ಕೊಟ್ಟಿತೆನ್ನಬಹುದು. ಅತ್ತ ಬೊರ್ಟೊಲೆಟೊ ಸೆಪ್ಟೆಂಬರಿನಲ್ಲಿ ಮೊಂಜಾದ ಮುಖ್ಯ ಪಂದ್ಯವನ್ನು ಕಟ್ಟಕಡೆಯ, 22ನೆಯ ಸ್ಥಾನದಿಂದ ಹೊರಟು ಗೆದ್ದರು.

ಒಂದೇ ಕಾರಿನಲ್ಲಿ ಇಷ್ಟು ಅಂತರ ಹೇಗೆ ಬರುತ್ತದೆ? ಅದೃಷ್ಟಕ್ಕೆ ಒಂದು ಪಾಲು ಇದ್ದೇ ಇದೆ. ಉಳಿದುದರಲ್ಲಿ ದೊಡ್ಡ ಪಾಲು ಟೈರಿನದು. ಟೈರಿನ ಹಿಡಿತವು ಗಾಲಿಯು ಒಂದಿಷ್ಟೂ ಜಾರದಿದ್ದಾಗ ಗರಿಷ್ಠವಾಗಿರುವುದಿಲ್ಲ. ತುಸುವೇ ಜಾರುತ್ತಿರುವಾಗ ಗರಿಷ್ಠವನ್ನು ಮುಟ್ಟಿ, ಆ ಮೇಲೆ ಇಳಿಯುತ್ತದೆ. ಚಾಲಕನು ಆ ಶಿಖರದ ತುದಿಯಲ್ಲಿ ಕಾರನ್ನು ನಿಲ್ಲಿಸಬೇಕು. ಒಂದು ಕೂದಲು ಈಚೆಗೆ ಉಳಿದರೆ ಸಮಯ ನಷ್ಟ. ಆಚೆಗೆ ದಾಟಿದರೆ ರಬ್ಬರು ಕಾದು ಸವೆಯುತ್ತದೆ, ಇನ್ನೂ ದಾಟಿದರೆ ಗೋಡೆ. ಒಂದು ಸುತ್ತಿನಲ್ಲಿ ಇದನ್ನು ಸಾಧಿಸುವುದು ಒಂದು ವಿದ್ಯೆ. ಮೂವತ್ತು ನಲವತ್ತು ಸುತ್ತುಗಳವರೆಗೆ ಟೈರು ಸಾಯದಂತೆ ಸಾಧಿಸುವುದು ಇನ್ನೊಂದು ವಿದ್ಯೆ. ಬೊರ್ಟೊಲೆಟೊ 2025ರಲ್ಲಿ ಫಾರ್ಮುಲಾ 1ರ ಸೌಬರ್ ತಂಡವನ್ನು ಸೇರಿದರು. ಮೈನಿಯವರು ಅದೇ ವರ್ಷ ಫಾರ್ಮುಲಾ 1ರ ಅಲ್ಪೀನ್ ತಂಡದ ಪರೀಕ್ಷಾ ಹಾಗೂ ಮೀಸಲು ಚಾಲಕರಾಗಿ, ಫಾರ್ಮುಲಾ 2ರಲ್ಲಿ ಡ್ಯಾಮ್ಸ್ ತಂಡದ ಪರವಾಗಿ ಪಂದ್ಯಗಳನ್ನು ಮುಂದುವರಿಸಿದರು.

ಮೊನಾಕೋದ ಬೀದಿ

ಮೊನಾಕೋ ಸಮುದ್ರದಂಚಿನ ಪುಟ್ಟ ರಾಜ್ಯ. ಅಲ್ಲಿ ಪಂದ್ಯಕ್ಕೆ ಬೇರೆ ಮಾರ್ಗವಿಲ್ಲ. ಊರಿನ ಬೀದಿಗಳೇ ಮಾರ್ಗ. ಸುತ್ತಿನ ಉದ್ದ 3.337 ಕಿಲೋಮೀಟರ್. ಎರಡು ಪಕ್ಕದಲ್ಲೂ ಕಬ್ಬಿಣದ ತಡೆಗಳು. ಅಲ್ಲಿನ ಹೇರ್‌ಪಿನ್ ತಿರುವು ತೀರ ಇಕ್ಕಟ್ಟಿನದು. ಜಗತ್ತಿನ ಅತಿ ವೇಗದ ಕಾರುಗಳೂ ಅಲ್ಲಿ ಗಂಟೆಗೆ 50 ಕಿಲೋಮೀಟರಿನ ಆಸುಪಾಸಿಗೆ ಇಳಿಯುತ್ತವೆ. ತ್ರಿಜ್ಯ 12 ಮೀಟರ್, ಘರ್ಷಣಾಂಕ 1.5 ಎಂದು ಹಿಡಿದು ಓದುಗರೇ ಲೆಕ್ಕ ಮಾಡಲಿ: ಗಂಟೆಗೆ 48 ಕಿಲೋಮೀಟರ್ ಬರುತ್ತದೆ. ಅಲ್ಲಿ ರೆಕ್ಕೆಯೂ ಇಲ್ಲ, ತಳವೂ ಇಲ್ಲ. ನಮ್ಮ ಹುಡುಗನ ಬೈಕಿಗಿದ್ದ ಸೂತ್ರವೇ ಅಲ್ಲಿಯೂ.

ಈ ಬೀದಿಗಳಲ್ಲಿ ಆರು ಸಲ ಗೆದ್ದವರು ಐರ್ಟನ್ ಸೆನ್ನಾ. 1988ರ ಅರ್ಹತಾ ಸುತ್ತಿನಲ್ಲಿ ಅವರು ಅದೇ ಮ್ಯಾಕ್‌ಲಾರೆನ್ ಕಾರನ್ನು ನಡೆಸುತ್ತಿದ್ದ ಸಂಗಡಿಗ ಆಲಾನ್ ಪ್ರಾಸ್ಟರಿಗಿಂತ 1.4 ಸೆಕೆಂಡಿಗೂ ಹೆಚ್ಚು ಮುಂದಿದ್ದರು. ಸೆಕೆಂಡಿನ ನೂರನೆಯ ಭಾಗಗಳನ್ನು ಎಣಿಸುವ ಕಡೆ ಅದು ಯೋಜನಗಳ ದೂರ. ಮರುದಿನದ ಪಂದ್ಯದಲ್ಲಿ, ಬಹು ದೂರ ಮುಂದಿದ್ದು ನಿಶ್ಚಿಂತೆಯಿಂದ ಗೆಲ್ಲಬಹುದಾಗಿದ್ದಾಗ, ಕೊನೆಗೆ ಹನ್ನೊಂದು ಸುತ್ತುಗಳಿರುವಂತೆ ತಡೆಗೆ ಬಡಿದು ಹೊರಬಿದ್ದರು. ಅವಸರವಿದ್ದಾಗ ಸಾಧಿಸಿದ ಮಿತಿಯು ಅವಸರವಿಲ್ಲದಾಗ ತಪ್ಪಿತು. ಮಿತಿಯ ಅಂಚಿನಲ್ಲಿ ನಡೆಯುವವನಿಗೆ ಮೈಮರೆಯುವ ಹಕ್ಕಿಲ್ಲ.

2025ರ ಮೇ 24ರಂದು ಅದೇ ಬೀದಿಗಳಲ್ಲಿ ಫಾರ್ಮುಲಾ 2ರ ಕಿರುಪಂದ್ಯ ನಡೆಯಿತು. ಕಿರುಪಂದ್ಯದಲ್ಲಿ ಅರ್ಹತಾ ಸುತ್ತಿನ ಮೊದಲ ಹತ್ತು ಮಂದಿಯನ್ನು ತಿರುವುಮುರುವಾಗಿ ನಿಲ್ಲಿಸುವ ಪದ್ಧತಿಯಿದೆ. ಹತ್ತನೆಯವರಾಗಿದ್ದ ಮೈನಿಯವರಿಗೆ ಹೀಗೆ ಮೊದಲ ಸ್ಥಾನ ದೊರಕಿತು. ಇದರಿಂದ ಗೆಲವಿನ ಬೆಲೆ ಕಡಮೆಯಾಗುವುದೆಂದು ಕೆಲವರು ಭಾವಿಸಬಹುದು. ಮೊನಾಕೋದಲ್ಲಿ ಹಿಂದಿನವನು ಮುಂದಿನವನನ್ನು ದಾಟುವುದು ಕಷ್ಟವೆಂಬುದೂ ನಿಜ. ಬೀದಿ ಕಿರಿದು, ಅಲ್ಲದೆ ಮುಂದಿನ ಕಾರು ಕದಡಿಬಿಟ್ಟ ಗಾಳಿಯಲ್ಲಿ ಹಿಂದಿನ ಕಾರಿನ ರೆಕ್ಕೆಗಳು ಸರಿಯಾಗಿ ಒತ್ತಲಾರವು. ಆದರೆ ಮುಂದಿರುವವನಿಗೆ ಶತ್ರುವೆಂದರೆ ಹಿಂದಿನವನಲ್ಲ, ಪಕ್ಕದ ತಡೆ. ಮೂವತ್ತು ಸುತ್ತು, ಒಂದೊಂದರಲ್ಲಿಯೂ ಹತ್ತೊಂಬತ್ತು ತಿರುವು. ಐನೂರ ಎಪ್ಪತ್ತು ಸಲ ಘರ್ಷಣೆಯ ಮಿತಿಯನ್ನು ಅಂದಾಜು ಮಾಡಬೇಕು, ಒಂದು ಸಲವೂ ತಪ್ಪಬಾರದು. ಮೈನಿಯವರು ತಪ್ಪಲಿಲ್ಲ. ಮೊನಾಕೋದಲ್ಲಿ ಫಾರ್ಮುಲಾ 2 ಪಂದ್ಯವನ್ನು ಗೆದ್ದ ಮೊದಲ ಭಾರತೀಯರೆನಿಸಿದರು.

ಮಿತಿ ಮೀರಿದಾಗ

ತಪ್ಪಿದವರ ಕಥೆಯನ್ನೂ ಹೇಳದಿದ್ದರೆ ಈ ಲೇಖನ ಅಪೂರ್ಣವಾಗುತ್ತದೆ. 1994ರ ಮೇ 1ರಂದು ಇಟಲಿಯ ಇಮೋಲಾದಲ್ಲಿ ಸೆನ್ನಾ ಅವರ ಕಾರು ತಿರುವಿನಲ್ಲಿ ದಾರಿ ಬಿಟ್ಟು ಕಾಂಕ್ರೀಟು ಗೋಡೆಗೆ ಅಪ್ಪಳಿಸಿತು. ಅಂದೇ ಅವರು ತೀರಿಕೊಂಡರು, ವಯಸ್ಸು 34. ಅದಾದ ಮೇಲೆ ಮಾರ್ಗಗಳನ್ನು ತಿದ್ದಿದರು, ತಡೆಗಳನ್ನು ಬದಲಿಸಿದರು, ಕಾರಿನ ಪಕ್ಕಗಳನ್ನು ಬಲಪಡಿಸಿದರು. 2018ರಿಂದ ಚಾಲಕನ ತಲೆಯ ಸುತ್ತ ಟೈಟಾನಿಯಂ ಲೋಹದ ಕಮಾನು ಬಂದಿತು. 2020ರಲ್ಲಿ ಬಹರೈನಿನಲ್ಲಿ ಕಾರು ಎರಡು ಹೋಳಾಗಿ ಉರಿದಾಗ ರೊಮೇನ್ ಗ್ರೋಜಾನ್ ಎಂಬ ಚಾಲಕನ ಪ್ರಾಣವನ್ನು ಉಳಿಸಿದುದರಲ್ಲಿ ಈ ಕಮಾನಿನ ಪಾಲು ದೊಡ್ಡದು. ಇಷ್ಟಾದರೂ 2019ರ ಆಗಸ್ಟ್ 31ರಂದು ಬೆಲ್ಜಿಯಂ ದೇಶದ ಸ್ಪಾದಲ್ಲಿ ಫಾರ್ಮುಲಾ 2 ಪಂದ್ಯದಲ್ಲಿಯೇ ಆಂತ್ವಾನ್ ಉಬೇರ್ ಎಂಬ 22 ವರ್ಷದ ತರುಣನು ಸತ್ತನು. ವಿಜ್ಞಾನವು ಅಪಾಯವನ್ನು ಕುಗ್ಗಿಸಬಲ್ಲುದು, ಅಳಿಸಲಾರದು.

ನಮ್ಮ ಹೆದ್ದಾರಿಯಲ್ಲಿ ಈ ರಕ್ಷಣೆಗಳಲ್ಲಿ ಯಾವುದುಂಟು? ಪಂದ್ಯದ ಕಾರು ಗಂಟೆಗೆ 300 ಕಿಲೋಮೀಟರ್ ವೇಗದಿಂದಲೂ ಬಹು ಕಡಮೆ ದೂರದಲ್ಲಿ ನಿಲ್ಲಬಲ್ಲುದು. ನಮ್ಮ ವಾಹನವು 120ರಿಂದ ನಿಲ್ಲಲು ಒಣರಸ್ತೆಯಲ್ಲಿಯೇ 71 ಮೀಟರ್ ಬೇಕು. ಕಣ್ಣು ಕಂಡು ಕೈ ಬ್ರೇಕು ಒತ್ತುವ ಒಂದು ಸೆಕೆಂಡಿನಲ್ಲಿ ಅದಕ್ಕೆ ಮೊದಲೇ 33 ಮೀಟರ್ ಕಳೆದಿರುತ್ತದೆ. 60ರಿಂದ ನಿಲ್ಲಲು 18 ಮೀಟರ್ ಸಾಕು. ವೇಗ ಇಮ್ಮಡಿಯಾದರೆ ದೂರ ನಾಲ್ಕು ಮಡಿ. ಪಂದ್ಯದ ಮಾರ್ಗದಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ಹೋಗುತ್ತಾರೆ. ಹಿರಿಯೂರಿನ ರಸ್ತೆಯಲ್ಲಿ ಎದುರಿನಿಂದ ಲಾರಿ ಬರುತ್ತದೆ, ಅಡ್ಡಲಾಗಿ ಕುರಿಮಂದೆ ಬರುತ್ತದೆ.

ಆ ಹುಡುಗನಿಗೆ ನಾನು ಇಷ್ಟನ್ನೂ ಹೇಳಿ, ಒಂದು ಕೆಲಸವನ್ನೂ ಕೊಟ್ಟೆ. “ನೀನು ಬಿದ್ದ ತಿರುವಿನ ತ್ರಿಜ್ಯ ಎಷ್ಟು?” ಎಂದೆ. ಅವನಿಗೆ ತಿಳಿದಿರಲಿಲ್ಲ. ಕಾಲು ಗುಣವಾದ ಮೇಲೆ ಒಂದು ಭಾನುವಾರ ಬೆಳಗಿನ ಹೊತ್ತು, ವಾಹನಗಳಿಲ್ಲದಾಗ, ಇಬ್ಬರು ಗೆಳೆಯರನ್ನು ಎರಡು ಕಡೆ ಕಾವಲು ನಿಲ್ಲಿಸಿ ತಂದೆಯೊಡನೆ ಅವನು ಅಲ್ಲಿಗೆ ಹೋದನು. ರಸ್ತೆಯ ಬಾಗಿದ ಅಂಚಿನ ಮೇಲೆ 20 ಮೀಟರ್ ಹಗ್ಗವನ್ನು ಬಿಲ್ಲಿನ ಹೆದೆಯಂತೆ ಬಿಗಿದು ಹಿಡಿದರು. ಹೆದೆಯ ನಡುವಿನಿಂದ ಅಂಚಿಗೆ ಇದ್ದ ದೂರ ಒಂದೂಕಾಲು ಮೀಟರ್. ಹೆದೆಯ ಉದ್ದದ ವರ್ಗವನ್ನು ಈ ದೂರದ ಎಂಟರಷ್ಟರಿಂದ ಭಾಗಿಸಿದರೆ ತ್ರಿಜ್ಯ ಬರುತ್ತದೆ: ಸುಮಾರು 40 ಮೀಟರ್.

ಸೋಮವಾರ ಅವನು ಲೆಕ್ಕದ ಹಾಳೆಯನ್ನು ನನ್ನ ಮೇಜಿನ ಮೇಲೆ ಇಟ್ಟನು. ಮಳೆಯ ದಿನದ ಮಿತಿ ಗಂಟೆಗೆ 45 ಕಿಲೋಮೀಟರ್. ಅದು ಅವನು ನಿರೀಕ್ಷಿಸಿದ್ದುದೇ. ಅವನು ಬೆರಳಿಟ್ಟು ತೋರಿಸಿದ್ದು ಅದರ ಕೆಳಗಿನ ಸಾಲನ್ನು. ಒಣ ರಸ್ತೆಯ ಮಿತಿ 64.

“ಸಾರ್, ಹಾಗಾದರೆ ಎರಡು ವರ್ಷದಿಂದ ದಿನವೂ ನಾಲ್ಕೇ ಕಿಲೋಮೀಟರ್ ಅಂತರದಲ್ಲಿ ಬದುಕಿದ್ದೇನೆ” ಎಂದನು.

ಕುಶ್ ಮೈನಿಯವರಿಗೂ ಅವನಿಗೂ ಇದ್ದ ವ್ಯತ್ಯಾಸ ಇಷ್ಟೆ. ಇಬ್ಬರೂ ಮಿತಿಯ ಅಂಚಿನಲ್ಲಿ ಸಾಗುತ್ತಿದ್ದವರೇ. ಅವರಿಗೆ ಅದು ಗೊತ್ತಿತ್ತು. ಇವನಿಗೆ ಈಗ ಗೊತ್ತಾಯಿತು.